ಸಂಸಾರ ಒಂದೇ, ಪಾಸ್‌ಪೋರ್ಟ್ ನಾಲ್ಕು

ಅಮೆರಿಕದ ವರ್ಮಾಂಟ್ ರಾಜ್ಯಕ್ಕೂ ಕೆನಡಾದ ಕ್ವಿಬೆಕ್ ಪ್ರಾಂತ್ಯಕ್ಕೂ ನಡುವಿನ ಗಡಿ ಒಂದು ಕಡೆ ಗ್ರಂಥಾಲಯದ ಒಳಗೇ ಹಾದುಹೋಗುತ್ತದೆ. ಹ್ಯಾಸ್ಕೆಲ್ ಗ್ರಂಥಾಲಯ ಅದರ ಹೆಸರು. ಎರಡೂ ಬದಿಯ ಊರಿನವರಿಗೆ ಅನುಕೂಲವಾಗಲಿ ಎಂದು 20ನೇ ಶತಮಾನದ ಆರಂಭದಲ್ಲಿ ಬೇಕೆಂದೇ ಗಡಿಯ ಮೇಲೆ ಕಟ್ಟಿದ ಕಟ್ಟಡ ಅದು. ಓದುವ ಕೋಣೆಯ ನೆಲದ ಮೇಲೆ ಕಪ್ಪು ಪಟ್ಟಿಯೊಂದಿದೆ. ಪಟ್ಟಿಯ ಈಚೆ ಅಮೆರಿಕ, ಆಚೆ ಕೆನಡಾ. 2018ರಲ್ಲಿ ಇಲ್ಲಿಗೆ ಪುಸ್ತಕದ ಗೊಡವೆಯೇ ಇಲ್ಲದ ಜನ ಬರತೊಡಗಿದರು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಇರಾನಿ ವಿದ್ಯಾರ್ಥಿಗಳು ಒಂದು ಕಡೆಯಿಂದ. ಕೆನಡಾದ ಪ್ರವಾಸಿ ವೀಸಾ ಪಡೆದು ಇರಾನಿನಿಂದ ಬಂದಿಳಿದ ಅವರ ಅಪ್ಪ ಅಮ್ಮ ಇನ್ನೊಂದು ಕಡೆಯಿಂದ. ವಿದ್ಯಾರ್ಥಿಗಳ ಬಳಿ ಇದ್ದದ್ದು ಹೆಚ್ಚಾಗಿ ಒಮ್ಮೆ ಮಾತ್ರ ಪ್ರವೇಶಿಸಬಹುದಾದ ವೀಸಾ. ಅಮೆರಿಕ ಬಿಟ್ಟು ಹೊರಗೆ ಕಾಲಿಟ್ಟರೆ ಮರಳಿ ಒಳಬರುವ ಭರವಸೆ ಇರಲಿಲ್ಲ. ತಂದೆತಾಯಿಗೆ ಅಮೆರಿಕದ ವೀಸಾ ಸಿಗುವ ಬಾಗಿಲು 2017ರ ಪ್ರಯಾಣ ನಿಷೇಧದಿಂದ ಮುಚ್ಚಿತ್ತು. ಹಾಗಾಗಿ ವರ್ಷಗಟ್ಟಲೆ ಮುಖ ನೋಡದವರು ಪುಸ್ತಕದ ಕಪಾಟುಗಳ ನಡುವೆ ಕೆಲವು ಗಂಟೆ ಕೂತು, ತಂದ ತಿಂಡಿ ಹಂಚಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಸದ್ದು ಗಲಾಟೆ ಹೆಚ್ಚಿದಾಗ ಸಿಬ್ಬಂದಿ ಈ ಭೇಟಿಗಳಿಗೆ ಮಿತಿ ಹಾಕಲು ಪ್ರಯತ್ನಿಸಿದ್ದೂ ಉಂಟು. ಅವರನ್ನು ದೂರಿ ಫಲವಿಲ್ಲ. ಗ್ರಂಥಾಲಯ ನಡೆಸಲು ಕೂತವರಿಗೆ ಎರಡು ದೇಶಗಳ ವಲಸೆ ನೀತಿಯ ಭಾರ ಹೊರುವ ಕೆಲಸ ಬಂದೊದಗಿತ್ತು.

ವಲಸೆ ಮತ್ತು ಕುಟುಂಬ ಎಂದೊಡನೆ ಹೇಳಲು ಸಿದ್ಧವಾಗಿರುವ ಕಥೆಯೊಂದಿದೆ. ಸಂಪ್ರದಾಯಸ್ಥ ಅಪ್ಪ, ಹೊಸ ಗಾಳಿ ತಗುಲಿದ ಮಗಳು, ನಡುವೆ ಸಿಕ್ಕು ಒದ್ದಾಡುವ ತಾಯಿ. ಇರಾನಿಗಳ ವಿಷಯದಲ್ಲಿ ಇದನ್ನು ಇನ್ನಷ್ಟು ಹುರುಪಿನಿಂದ ಹೇಳುತ್ತಾರೆ, ಕಪ್ಪು ಚಾದರ ಮತ್ತು ಧರ್ಮಗುರುಗಳ ಸರ್ಕಾರ ಹಿನ್ನೆಲೆಗೆ ತಾನಾಗಿಯೇ ಒದಗಿಬರುತ್ತವೆ. ಕಥೆ ಪೂರ್ತಿ ಸುಳ್ಳೇನಲ್ಲ. ಆದರೂ ಕಳೆದ ನಾಲ್ಕೂವರೆ ದಶಕದ ಇರಾನಿ ವಲಸೆಯನ್ನು ಹತ್ತಿರದಿಂದ ನೋಡಿದರೆ, ಆ ಮನೆಗಳ ಆಕಾರವನ್ನು ಕಡೆದು ನಿಲ್ಲಿಸಿರುವುದು ಹೆಚ್ಚಾಗಿ ಕಾಗದಪತ್ರ ಎಂಬುದು ಕಾಣುತ್ತದೆ. ಯಾರ ಮದುವೆಗೆ ಯಾರು ಹೋಗಬಹುದು, ಯಾರ ಬಾಣಂತನಕ್ಕೆ ಯಾರು ಬರಬಹುದು, ಯಾರ ಸಾವಿಗೆ ಯಾರು ಬರಲಾಗದು ಎಂಬುದನ್ನು ವೀಸಾ, ಸೇನಾಸೇವೆಯ ದಾಖಲೆ, ಆರ್ಥಿಕ ನಿರ್ಬಂಧ, ಬೀಗ ಹಾಕಿದ ರಾಯಭಾರ ಕಚೇರಿಗಳು ತೀರ್ಮಾನಿಸಿವೆ. ಅಭಿರುಚಿ, ನಂಬಿಕೆ, ತಲೆಮಾರಿನ ಜಗಳಗಳೆಲ್ಲ ಆ ಚೌಕಟ್ಟಿನೊಳಗೆ ನಡೆಯುತ್ತವೆ.

ವಿಷಯ ಹಿಡಿತಕ್ಕೆ ಸಿಗಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಟೆಹ್ರಾನಿನ ಮಧ್ಯಮವರ್ಗದ ಬಡಾವಣೆ, ಅಪ್ಪ ಸರ್ಕಾರಿ ಎಂಜಿನಿಯರ್, ಅಮ್ಮ ಶಾಲಾ ಶಿಕ್ಷಕಿ, ನಾಲ್ಕು ಮಕ್ಕಳು. ಹಿರಿಯ ಮಗ 1985ರಲ್ಲಿ ಹದಿನೇಳರ ಹರೆಯದಲ್ಲಿ ಕಳ್ಳದಾರಿಯಿಂದ ಟರ್ಕಿ ಸೇರಿ, ಅಲ್ಲಿಂದ ಸ್ವೀಡನ್ ಮುಟ್ಟಿದ. ಕಿರಿಯ ಮಗಳು 2000ದಲ್ಲಿ ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಕೊನೆಯ ಮಗ 2008ರಲ್ಲಿ ಸ್ನಾತಕೋತ್ತರ ಓದಿಗೆಂದು ಟೊರಾಂಟೊ ಹಿಡಿದ. ಹಿರಿಯ ಮಗಳು ಟೆಹ್ರಾನಿನಲ್ಲೇ ಉಳಿದಳು. ಇದು ಯಾವ ಒಂದು ನಿಜವಾದ ಮನೆಯ ಕಥೆಯೂ ಅಲ್ಲ, ಆದರೆ ಇರಾನಿಗಳಿಗೆ ಹೇಳಿದರೆ ಪಕ್ಕದ ಮನೆಯ ಮಾತು ಎನ್ನುತ್ತಾರೆ.

ತುಂಡು ತುಂಡಾಗಿ ಹೊರಟವರು

1979ರ ಇಸ್ಲಾಮಿಕ್ ಕ್ರಾಂತಿಗೆ ಮುಂಚೆ ಇರಾನಿಗಳು ಹೊರಗೆ ಹೋಗುತ್ತಿದ್ದದ್ದು ಓದಲು. 1979–80ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿ 51 ಸಾವಿರಕ್ಕೂ ಹೆಚ್ಚು ಇರಾನಿ ವಿದ್ಯಾರ್ಥಿಗಳಿದ್ದರು. ಆ ಹೊತ್ತಿಗೆ ಅಲ್ಲಿದ್ದ ವಿದೇಶಿ ವಿದ್ಯಾರ್ಥಿಗಳಲ್ಲಿ ಅವರದೇ ದೊಡ್ಡ ಗುಂಪು. ತೈಲದ ಹಣ ಹರಿಯುತ್ತಿದ್ದ ಕಾಲ. ಮನೆಯಿಂದ ಮಕ್ಕಳಿಗೆ ದುಡ್ಡು ಬರುತ್ತಿತ್ತು, ಓದು ಮುಗಿಸಿ ಹಿಂದಿರುಗುವುದು ಎಲ್ಲರ ಲೆಕ್ಕಾಚಾರ. 1979ರ ಫೆಬ್ರವರಿಯಲ್ಲಿ ದೊರೆ ಷಾ ಅವರ ಆಡಳಿತ ಉರುಳಿತು. ನವೆಂಬರ್ 4ರಂದು ಟೆಹ್ರಾನಿನ ಅಮೆರಿಕನ್ ರಾಯಭಾರ ಕಚೇರಿಯನ್ನು ವಶಪಡಿಸಿಕೊಂಡು ಸಿಬ್ಬಂದಿಯನ್ನು ಒತ್ತೆ ಇಟ್ಟುಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಎರಡು ದೇಶಗಳ ರಾಜತಾಂತ್ರಿಕ ಸಂಬಂಧ ಮುರಿಯಿತು. ಓದಲು ಹೋದವರು ರಾತ್ರೋರಾತ್ರಿ ವಲಸಿಗರಾದರು. ಅಂದಿನಿಂದ ಇಂದಿನವರೆಗೂ ಟೆಹ್ರಾನಿನಲ್ಲಿ ಅಮೆರಿಕದ ವೀಸಾ ಕೊಡುವ ಕಚೇರಿ ಇಲ್ಲ. ಸಂದರ್ಶನಕ್ಕೆ ಅಂಕಾರಾಕ್ಕೋ ಯೆರೆವಾನ್‌ಗೋ ಎಮಿರೇಟ್ಸ್‌ಗೋ ಹೋಗಬೇಕು. ಮಗಳನ್ನು ನೋಡಲು ಹೊರಟ ಎಪ್ಪತ್ತರ ತಾಯಿಗೆ ಮೊದಲು ಇನ್ನೊಂದು ದೇಶದ ಪ್ರಯಾಣ, ಅಲ್ಲಿ ಹೋಟೆಲ್ ಖರ್ಚು, ಆಮೇಲೆ ಸಿಗುವುದೋ ಇಲ್ಲವೋ ತಿಳಿಯದ ಮುದ್ರೆ.

ಎರಡನೆಯ ಅಲೆಯನ್ನು ಎಬ್ಬಿಸಿದ್ದು ಯುದ್ಧ. 1980ರ ಸೆಪ್ಟೆಂಬರ್‌ನಿಂದ 1988ರ ಆಗಸ್ಟ್‌ವರೆಗೆ ಇರಾಕ್ ಜೊತೆ ನಡೆದ ಯುದ್ಧದಲ್ಲಿ ಹದಿಹರೆಯದ ಹುಡುಗರು ಮುಂಚೂಣಿಗೆ ಹೋಗಿ ಸತ್ತರು. ಸೇನೆಯ ವಯಸ್ಸು ಸಮೀಪಿಸಿದ ಹುಡುಗರಿಗೆ ದೇಶ ಬಿಡಲು ಅನುಮತಿ ಸಿಗುತ್ತಿರಲಿಲ್ಲ. ಹಣವಿದ್ದವರು, ಇಲ್ಲದಿದ್ದರೆ ಒಡವೆ ಮಾರಿದವರು, ಮಗನನ್ನು ದಲ್ಲಾಳಿಯ ಕೈಗೆ ಒಪ್ಪಿಸಿ ಪಶ್ಚಿಮದ ಕುರ್ದಿ ಬೆಟ್ಟಗಳ ಮೂಲಕ ಟರ್ಕಿಗೆ ದಾಟಿಸಿದರು. ನಮ್ಮ ಕಲ್ಪನೆಯ ಮನೆಯ ಹಿರಿಯ ಮಗ ಅಂಥವನು.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ಕರಾವಳಿಯಿಂದ ಕೊಲ್ಲಿಗೆ ಹೋದವರ ಕಥೆ ನಮಗೆ ಗೊತ್ತು: ದುಡಿಯುವ ಗಂಡಸು ಮೊದಲು ಹೋಗುತ್ತಾನೆ, ಹಣ ಊರಿಗೆ ಬರುತ್ತದೆ, ಸಂಸಾರ ಆಮೇಲೆ ಸೇರಿಕೊಳ್ಳುತ್ತದೆ ಅಥವಾ ಊರಲ್ಲೇ ಉಳಿಯುತ್ತದೆ. ಇರಾನಿನಲ್ಲಿ ಆ ಕ್ರಮವೇ ತಿರುಗುಮುರುಗು. ಮೊದಲು ಹೋದದ್ದು ಮಗ. ಹಿಂದೆ ತಾಯಿಯೋ ಅಕ್ಕನೋ. ಮನೆ, ಅಂಗಡಿ, ಪಿಂಚಣಿ ಕಾಯಲು ಅಪ್ಪ ಕೊನೆಗೆ ಉಳಿದ. ಎಷ್ಟೋ ಸಲ ಉಳಿದೇ ಬಿಟ್ಟ. ಹಣ ಹರಿದದ್ದೂ ಊರಿನಿಂದ ಹೊರಕ್ಕೆ. ಜಮೀನು ಮಾರಿ, ಉಳಿತಾಯ ಒಡೆದು, ಸ್ಟಾಕ್‌ಹೋಮಿನಲ್ಲೋ ಹ್ಯಾಂಬರ್ಗ್‌ನಲ್ಲೋ ಇದ್ದ ಮಗನಿಗೆ ಕಳುಹಿಸಿದರು. ಹದಿನೇಳಕ್ಕೆ ಹೊರಟ ಹುಡುಗ ಮುಂದೆ ಗಂಡಸಾದದ್ದು, ಮದುವೆಯಾದದ್ದು, ತಲೆ ನರೆತದ್ದು ತಂದೆಯ ಕಣ್ಣೆದುರಿಗೆ ನಡೆಯಲಿಲ್ಲ. ಸೇನಾಸೇವೆ ಮುಗಿಸದೆ ಹೋದವನು ಹಿಂದೆ ಬಂದರೆ ಮತ್ತೆ ಹೊರಹೋಗಲು ಬಿಡುತ್ತಾರೆಂಬ ಖಾತ್ರಿಯಿಲ್ಲ. ಹಣ ಕಟ್ಟಿಸಿಕೊಂಡು ವಿನಾಯಿತಿ ಕೊಡುವ ಯೋಜನೆಗಳನ್ನು ಸರ್ಕಾರ ಆಗಾಗ ತಂದಿದೆ, ನಿಜ. ಆದರೆ ರಾಜಕೀಯ ಆಶ್ರಯ ಪಡೆದು ಹೋದವರಿಗೆ ಅದರಿಂದ ಧೈರ್ಯ ಬರುವುದು ಕಷ್ಟ.

ಎಲ್ಲರೂ ಲಾಸ್ ಏಂಜಲೀಸ್‌ನ ವೈದ್ಯರಾಗಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ವೆಸ್ಟ್‌ವುಡ್ ಬೀದಿಯ ಪರ್ಷಿಯನ್ ಪುಸ್ತಕದಂಗಡಿ, ಐಸ್‌ಕ್ರೀಂ ಅಂಗಡಿ, ಬೆವರ್ಲಿ ಹಿಲ್ಸ್‌ಗೆ 2007ರಲ್ಲಿ ಮೇಯರ್ ಆದ ಇರಾನಿ ಯಹೂದಿ ಜಿಮ್ಮಿ ದೆಲ್‌ಷಾದ್, ಇವೆಲ್ಲ ಒಂದು ಬದಿ. 2020ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್ ಕಾಲುವೆ ದಾಟಲು ಹೊರಟ ಸಣ್ಣ ದೋಣಿ ಮಗುಚಿ, ಸರ್ದಶ್ತ್ ಪಟ್ಟಣದ ಕುರ್ದಿ ದಂಪತಿ ಮೂವರು ಮಕ್ಕಳೊಂದಿಗೆ ಮುಳುಗಿಹೋದದ್ದು ಇನ್ನೊಂದು ಬದಿ. ಅಲ್ಪಸಂಖ್ಯಾತರ ವಲಸೆಯ ಬಗೆಯೂ ಬೇರೆ. ಬಹಾಯಿ ಧರ್ಮದ ಯುವಕರಿಗೆ ಇರಾನಿನ ವಿಶ್ವವಿದ್ಯಾಲಯಗಳ ಬಾಗಿಲು ಕ್ರಾಂತಿಯ ನಂತರ ಮುಚ್ಚಿತು. ಹಿಂದಿರುಗುವ ಆಸೆ ಬಿಟ್ಟು ಮನೆಮಂದಿಯೆಲ್ಲ ಒಟ್ಟಿಗೆ ಹೊರಟವರು ಅವರಲ್ಲಿ ಹೆಚ್ಚು. ಹಾಗೆ ಒಟ್ಟಿಗೆ ಹೊರಟರೂ ಕಾಗದ ಕೈಕೊಡುವುದುಂಟು. ಇರಾನಿನ ಧಾರ್ಮಿಕ ಅಲ್ಪಸಂಖ್ಯಾತರನ್ನು ವಿಯೆನ್ನಾದ ಮೂಲಕ ಅಮೆರಿಕಕ್ಕೆ ಕರೆಸಿಕೊಳ್ಳುವ ವ್ಯವಸ್ಥೆಯೊಂದಿತ್ತು. ಮನೆ ಮಠ ಮಾರಿ ವಿಯೆನ್ನಾಕ್ಕೆ ಬಂದಿಳಿದ ನೂರರಷ್ಟು ಮಂದಿ 2017ರಲ್ಲಿ ಅಲ್ಲೇ ಸಿಕ್ಕಿಬಿದ್ದರು, ಮರುವರ್ಷ ಅವರಲ್ಲಿ ಹೆಚ್ಚಿನವರ ಅರ್ಜಿ ತಿರಸ್ಕೃತವಾಯಿತು.

ಗಂಡ ಹೆಂಡಿರ ನಡುವೆ ಕಾನೂನು

ಸ್ವೀಡನ್‌ನಲ್ಲಿ ಇಂದು ಇರಾನಿನಲ್ಲಿ ಹುಟ್ಟಿದವರು 80 ಸಾವಿರಕ್ಕೂ ಹೆಚ್ಚಿದ್ದಾರೆ. 1980ರ ದಶಕದಲ್ಲಿ ಅಲ್ಲಿಗೆ ಬಂದ ದಂಪತಿಗಳಲ್ಲಿ ವಿಚ್ಛೇದನದ ಪ್ರಮಾಣ ಮೂಲನಿವಾಸಿ ಸ್ವೀಡಿಷರಿಗಿಂತ ಬಹಳ ಹೆಚ್ಚಾಗಿತ್ತು. ಸಮಾಜಶಾಸ್ತ್ರಜ್ಞ ಮೆಹರ್ದಾದ್ ದರ್ವೀಷ್‌ಪೂರ್ ಇದನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ. ಮನೆಯೊಳಗಿನ ಅಧಿಕಾರದ ತಕ್ಕಡಿ ವಲಸೆಯಿಂದ ಹೆಂಗಸಿನ ಕಡೆಗೆ ವಾಲಿತು, ಗಂಡಸು ಅದಕ್ಕೆ ಹೊಂದಿಕೊಳ್ಳಲು ತಡಮಾಡಿದ ಎಂಬುದು ಅವರ ವಿವರಣೆಯ ಸಾರ. ಟೆಹ್ರಾನಿನಲ್ಲಿ ಅಧಿಕಾರಿಯಾಗಿದ್ದವನು ಗೋಥೆನ್‌ಬರ್ಗ್‌ನಲ್ಲಿ ಟ್ಯಾಕ್ಸಿ ಓಡಿಸಿದ, ಪಿಜ್ಜಾ ಅಂಗಡಿ ಇಟ್ಟ. ಪದವಿ, ಹುದ್ದೆ, ಬೀದಿಯಲ್ಲಿ ಸಿಗುತ್ತಿದ್ದ ನಮಸ್ಕಾರ ಎಲ್ಲವೂ ಗಡಿಯಾಚೆ ಉಳಿದವು. ಹೆಂಡತಿ ಭಾಷೆ ಕಲಿತಳು, ಶುಶ್ರೂಷೆಯ ತರಬೇತಿ ಪಡೆದಳು, ಅವಳ ಹೆಸರಿಗೆ ಸಂಬಳ ಬಂತು, ಮಗುವಿನ ಭತ್ಯೆ ನೇರ ಅವಳ ಖಾತೆಗೇ ಜಮೆಯಾಯಿತು. ಹಳೆಯ ಮದುವೆಯನ್ನು ಸಹಿಸಿಕೊಳ್ಳಲು ಇದ್ದ ಆರ್ಥಿಕ ಕಾರಣ ಕರಗಿತು.

ಪಶ್ಚಿಮಕ್ಕೆ ಬಂದ ಮೇಲೆ ಹೆಂಗಸರು 'ಎಚ್ಚೆತ್ತರು' ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಇರಾನಿನ ಹೆಂಗಸರ ಬದುಕು ದೇಶದೊಳಗೇ ಬದಲಾಗುತ್ತಿತ್ತು. 1980ರ ದಶಕದ ನಡುವೆ ಒಬ್ಬ ಹೆಂಗಸಿಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳಾಗುತ್ತಿದ್ದದ್ದು 2000ದ ಹೊತ್ತಿಗೆ ಎರಡಕ್ಕೆ ಇಳಿಯಿತು. ಜಗತ್ತಿನಲ್ಲೇ ಅತಿ ವೇಗದ ಇಳಿಕೆಗಳಲ್ಲಿ ಅದೊಂದು. ಅದೇ ಹೊತ್ತಿಗೆ ವಿಶ್ವವಿದ್ಯಾಲಯ ಸೇರುವವರಲ್ಲಿ ಹುಡುಗಿಯರ ಸಂಖ್ಯೆ ಹುಡುಗರನ್ನು ಮೀರಿತು. ಬದಲಾಗದೆ ಉಳಿದದ್ದು ಕಾನೂನು. ನಾಗರಿಕ ಸಂಹಿತೆಯ ಪ್ರಕಾರ ಗಂಡನೇ ಕುಟುಂಬದ ಯಜಮಾನ; ಮದುವೆಯಾದ ಹೆಂಗಸಿಗೆ ಪಾಸ್‌ಪೋರ್ಟ್ ಬೇಕೆಂದರೆ ಅವನ ಒಪ್ಪಿಗೆ ಬೇಕು; ವಿಚ್ಛೇದನದ ನಂತರ ಮಗು ಏಳು ವರ್ಷದವರೆಗೆ ತಾಯಿಯ ಬಳಿ, ಆಮೇಲೆ ಮೊದಲ ಹಕ್ಕು ತಂದೆಯದು. ವಲಸೆಯಿಂದ ಆದದ್ದು ಇಷ್ಟು: ಆಗಲೇ ಇದ್ದ ಬಯಕೆಗೆ ಅಡ್ಡವಾಗಿದ್ದ ಕಾನೂನು ಹಿಂದೆ ಸರಿಯಿತು.

ಅದೂ ಪೂರ್ತಿಯಾಗಿ ಸರಿಯುವುದಿಲ್ಲ. ಸ್ವೀಡನ್ನಿನ ನ್ಯಾಯಾಲಯ ಕೊಟ್ಟ ವಿಚ್ಛೇದನ ಇರಾನಿನಲ್ಲಿ ನೋಂದಣಿಯಾಗದಿದ್ದರೆ ಅಲ್ಲಿಯ ದಾಖಲೆಯಲ್ಲಿ ಮದುವೆ ಇನ್ನೂ ಜೀವಂತ. ಹೆಂಗಸು ಸ್ಟಾಕ್‌ಹೋಮಿನಲ್ಲಿ ವಿಚ್ಛೇದಿತೆ, ಟೆಹ್ರಾನಿನಲ್ಲಿ ಗೃಹಿಣಿ. ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಅವಳು ಹೋದರೆ, ಮಾಜಿ ಗಂಡ ಅಲ್ಲಿಯ ಕಾನೂನು ಹಿಡಿದು ಅವಳ ಹೊರಪ್ರಯಾಣಕ್ಕೆ ತಡೆ ತರಬಹುದು. ಹೀಗಾಗಿ ಎಷ್ಟೋ ಜಗಳಗಳಲ್ಲಿ 'ಇರಾನಿ ತಲಾಖ್‌ಗೆ ಸಹಿ ಹಾಕುತ್ತೇನೆ, ನೀನು ಮೆಹರ್ ಬಿಟ್ಟುಕೊಡು' ಎಂಬ ಚೌಕಾಶಿ ನಡೆಯುತ್ತದೆ. ಮೆಹರ್ ಎಂದರೆ ಮದುವೆಯ ಕರಾರಿನಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿಕೊಳ್ಳುವ ಧನ. ಅದು ಸಣ್ಣ ಮೊತ್ತವಲ್ಲ. ಅದನ್ನು ಬಹಾರ್ ಆಜಾದಿ ಎಂಬ ಚಿನ್ನದ ನಾಣ್ಯಗಳಲ್ಲಿ ಬರೆಸುತ್ತಾರೆ, ವಧು ಹುಟ್ಟಿದ ಇಸವಿಯಷ್ಟೇ ನಾಣ್ಯ ಬರೆಸುವ ಷೋಕಿಯೂ ಇದೆ. ಇರಾನಿ ಪಂಚಾಂಗದ ಇಸವಿ ಎಂದರೆ ಸಾವಿರದ ಮುನ್ನೂರು ಚಿಲ್ಲರೆ ನಾಣ್ಯ! ಒಂದು ನಾಣ್ಯದ ತೂಕ ಎಂಟು ಗ್ರಾಂಗೂ ತುಸು ಹೆಚ್ಚು. ಕೊಡಲಾಗದ ಗಂಡಂದಿರಿಂದ ಜೈಲು ತುಂಬತೊಡಗಿದಾಗ, ಜೈಲು ಶಿಕ್ಷೆಯ ಭಯದಿಂದ ವಸೂಲಿ ಮಾಡಬಹುದಾದ ಮಿತಿಯನ್ನು 110 ನಾಣ್ಯಗಳಿಗೆ ಇಳಿಸಬೇಕಾಯಿತು. ಈ ನಾಣ್ಯಗಳ ಲೆಕ್ಕ ಜರ್ಮನಿ, ಸ್ವೀಡನ್, ಕೆನಡಾ, ಅಮೆರಿಕದ ನ್ಯಾಯಾಲಯಗಳಿಗೂ ಬಂದಿದೆ. ಇದು ಜೀವನಾಂಶವೋ, ಆಸ್ತಿ ಹಂಚಿಕೆಯೋ, ಬರಿಯ ಒಪ್ಪಂದವೋ ಎಂದು ಅಲ್ಲಿಯ ನ್ಯಾಯಾಧೀಶರು ತಲೆ ಕೆರೆದುಕೊಂಡಿದ್ದಾರೆ. ತನ್ನ ವಿಚ್ಛೇದನದ ಹಕ್ಕಿಗೆ ಇರಾನಿ ಕಾನೂನು ಕತ್ತರಿ ಹಾಕಿದ್ದಕ್ಕೆ ಪ್ರತಿಯಾಗಿ ಹೆಂಗಸಿನ ಕೈಯಲ್ಲಿ ಉಳಿದಿರುವ ದೊಡ್ಡ ಅಸ್ತ್ರ ಈ ಮೆಹರ್ ಎಂಬುದು ಗೊತ್ತಿಲ್ಲದಿದ್ದರೆ, ಮದುವೆಗೆ ಬೆಲೆ ಕಟ್ಟಿದ್ದಾರೆ ಎಂದಷ್ಟೇ ಕಾಣುತ್ತದೆ.

ಲಾಸ್ ಏಂಜಲೀಸ್‌ನ ಚಿತ್ರ ಬೇರೆ. ಅಲ್ಲಿಗೆ ಬಂದ ಕುಟುಂಬಗಳ ಪೈಕಿ ಬಂಡವಾಳ ಹೊತ್ತು ತಂದವರು ಬಹಳ. ಗಂಡ ಸ್ವಂತ ವ್ಯಾಪಾರ ಹೂಡಿದ ಮನೆಗಳಲ್ಲಿ ಹೆಂಡತಿ ಹೊರಗೆ ದುಡಿಯಲೇಬೇಕೆಂಬ ಒತ್ತಡ ಇರಲಿಲ್ಲ. ದುಡಿದವರೂ ಮನೆಯ ಹಾಲ್‌ನಲ್ಲೇ ಬಟ್ಟೆ ಮಾರಿ, ಸೌಂದರ್ಯಸೇವೆ ಕೊಟ್ಟು, ಸಮಾರಂಭಕ್ಕೆ ಅಡುಗೆ ಮಾಡಿಕೊಟ್ಟು ಸದ್ದಿಲ್ಲದೆ ಸಂಪಾದಿಸಿದರು. ನಮ್ಮ ಮನೆಯ ಕಿರಿಯ ಮಗಳ ಸಂಸಾರ ಇಲ್ಲಿ ಮುರಿಯದೆ ಉಳಿದಿದ್ದರೆ ಅದಕ್ಕೆ ಅವಳ ಸಹನೆಯಷ್ಟೇ ಗಂಡನ ಕೆಲಸ ಉಳಿದದ್ದೂ ಕಾರಣ.

ಅಜ್ಜಿ ಮನೆಗೆ ದಾರಿ

ಮೊಮ್ಮಕ್ಕಳ ವಿಷಯಕ್ಕೆ ಬಂದರೆ ಕಾಗದದ ಕಾಟ ಇನ್ನೂ ಗಾಢ. ಇರಾನಿ ತಂದೆಗೆ ಎಲ್ಲಿ ಹುಟ್ಟಿದ ಮಗುವಾದರೂ ಇರಾನಿ ಪ್ರಜೆ ಎನ್ನುತ್ತದೆ ಅಲ್ಲಿಯ ಕಾನೂನು. ಎರಡನೆಯ ಪೌರತ್ವವನ್ನು ಒಪ್ಪುವುದಿಲ್ಲ. ಆದ್ದರಿಂದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ಹುಡುಗಿ ಟೆಹ್ರಾನಿನ ಅಜ್ಜಿಯನ್ನು ನೋಡಲು ಇರಾನಿ ಪಾಸ್‌ಪೋರ್ಟ್ ಮಾಡಿಸಬೇಕು. ಅದರ ಫೋಟೊಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಬಹಳ ಹುಡುಗಿಯರು ಬದುಕಿನಲ್ಲಿ ಮೊದಲ ಸಲ ತಲೆ ಮುಚ್ಚಿಕೊಳ್ಳುವುದು ಫೋಟೊ ಸ್ಟುಡಿಯೊದ ಬಿಳಿ ಪರದೆಯ ಎದುರು. ಅರ್ಜಿ ಹೋಗುವುದು ವಾಷಿಂಗ್ಟನ್‌ನಲ್ಲಿ ಪಾಕಿಸ್ತಾನದ ರಾಯಭಾರ ಕಚೇರಿಯ ಆಶ್ರಯದಲ್ಲಿ ನಡೆಯುವ ಇರಾನಿ ವಿಭಾಗಕ್ಕೆ. ಕೆನಡಾದಲ್ಲಿರುವ ಸೋದರಮಾವನ ಮನೆಯವರಿಗೂ ಅದೇ ಗತಿ. 2012ರ ಸೆಪ್ಟೆಂಬರ್‌ನಲ್ಲಿ ಕೆನಡಾ ಇರಾನಿನೊಂದಿಗೆ ಸಂಬಂಧ ಕಡಿದುಕೊಂಡ ಮೇಲೆ ಅಟ್ಟಾವಾದಲ್ಲಿ ಇರಾನಿ ಕಚೇರಿ ಇಲ್ಲ.

ಅಣ್ಣ ತಂಗಿಯರ ಮಕ್ಕಳು ಪರಸ್ಪರ ಭೇಟಿಯಾಗಲಿ ಎಂದರೆ ಅಲ್ಲಿಯೂ ಅಡ್ಡಿ. ಸ್ವೀಡನ್ನಿನ ಪ್ರಜೆಗೆ ಅಮೆರಿಕಕ್ಕೆ ಹೋಗಲು ವೀಸಾ ಬೇಕಿಲ್ಲ. ಆದರೆ 2015ರ ಡಿಸೆಂಬರ್‌ನಲ್ಲಿ ಅಮೆರಿಕ ತಂದ ತಿದ್ದುಪಡಿಯ ಪ್ರಕಾರ, ಇರಾನಿ ಪೌರತ್ವವೂ ಇರುವ ಯುರೋಪಿಯನ್ನರಿಗೆ ಆ ಸೌಲಭ್ಯ ಇಲ್ಲ. ಸ್ವೀಡನ್ನಿನಲ್ಲೇ ಹುಟ್ಟಿ, ಇರಾನ್ ಕಾಣದ ಹುಡುಗನೂ ತಂದೆಯ ಕಾರಣದಿಂದ ಆ ಲೆಕ್ಕಕ್ಕೆ ಸೇರುತ್ತಾನೆ. ಅವನ ಶಾಲಾಗೆಳೆಯ ಕಂಪ್ಯೂಟರಿನಲ್ಲಿ ನಾಲ್ಕು ಸಾಲು ತುಂಬಿ ಲಾಸ್ ಏಂಜಲೀಸ್‌ಗೆ ಹೊರಟರೆ, ಇವನು ರಾಯಭಾರ ಕಚೇರಿಯಲ್ಲಿ ಸಂದರ್ಶನಕ್ಕೆ ಸಾಲು ನಿಲ್ಲಬೇಕು.

ಇವೆಲ್ಲದರ ಫಲ ಟರ್ಕಿ. ಇರಾನಿಗಳಿಗೆ ಅಲ್ಲಿ 90 ದಿನ ವೀಸಾ ಬೇಡ, ಟೆಹ್ರಾನಿನಿಂದ ವಿಮಾನವೂ ಉಂಟು, ಗಡಿಯ ವ್ಯಾನ್ ಪಟ್ಟಣಕ್ಕೆ ಬಸ್ಸೂ ಉಂಟು. ಇಸ್ತಾಂಬುಲ್, ಅಂತಾಲ್ಯದಲ್ಲಿ ಬಾಡಿಗೆ ಮನೆ ಹಿಡಿದು ನಾಲ್ಕು ದಿಕ್ಕಿನಿಂದ ಬಂದ ಕುಟುಂಬ ಹತ್ತು ದಿನ ಒಟ್ಟಿಗೆ ಇರುವುದು ಈಗ ಇರಾನಿಗಳ ಮಾಮೂಲು. ಅರ್ಮೇನಿಯಾ, ಜಾರ್ಜಿಯಾಗಳಿಗೂ ಹೋಗುತ್ತಾರೆ. ನಿಶ್ಚಿತಾರ್ಥ, ಮದುವೆ, ಹೊಸವರ್ಷದ ನೌರೂಜ್ ಹಬ್ಬ ಎಲ್ಲವೂ ಮೂರನೆಯ ದೇಶದಲ್ಲಿ. ಅಜ್ಜಿ ಸೂಟ್‌ಕೇಸಿನಲ್ಲಿ ಒಣಗಿದ ನಿಂಬೆ, ಪಿಸ್ತಾ, ಕೇಸರಿ ಹೊತ್ತು ತರುತ್ತಾಳೆ. ವಾಪಸು ಹೋಗುವಾಗ ಅದೇ ಸೂಟ್‌ಕೇಸಿನಲ್ಲಿ ಇರಾನಿನಲ್ಲಿ ಸಿಗದ ಔಷಧಿ. ಆದರೆ ಹತ್ತು ದಿನದ ಕುಟುಂಬಕ್ಕೆ ಜಗಳವಾಡಲೂ ಬಿಡುವಿಲ್ಲ. ಆಸ್ತಿಯ ಮಾತು, ಹಳೆಯ ಮುನಿಸು, ಮಗನ ವಿಚ್ಛೇದನ ಎಲ್ಲವನ್ನೂ 'ಈಗ ಬೇಡ' ಎಂದು ಬದಿಗಿಟ್ಟು ನಗುಮುಖದ ಫೋಟೊ ತೆಗೆಯುತ್ತಾರೆ. ದಿನನಿತ್ಯದ ಒಡನಾಟ ಇಲ್ಲದ ನೆಂಟಸ್ತಿಕೆ ಹಬ್ಬದ ಊಟದ ಮಟ್ಟಕ್ಕೆ ನಿಂತುಬಿಡುತ್ತದೆ.

ಊರಿಗೇ ಹೋಗುತ್ತೇನೆ ಎಂದವರು ತೆತ್ತ ಬೆಲೆಯೂ ಕಣ್ಣಮುಂದಿದೆ. ಬ್ರಿಟಿಷ್–ಇರಾನಿ ನಾಜನೀನ್ ಜಘಾರಿ-ರ್‍ಯಾಟ್‌ಕ್ಲಿಫ್ 2016ರ ನೌರೂಜ್‌ಗೆ ಎರಡು ವರ್ಷವೂ ತುಂಬದ ಮಗಳನ್ನು ತವರಿಗೆ ಕರೆದೊಯ್ದಿದ್ದರು. ಏಪ್ರಿಲ್‌ನಲ್ಲಿ ಮರಳುವಾಗ ವಿಮಾನನಿಲ್ದಾಣದಲ್ಲೇ ಬಂಧನವಾಯಿತು. ಲಂಡನ್‌ಗೆ ಅವರು ಮರಳಿದ್ದು 2022ರ ಮಾರ್ಚ್‌ನಲ್ಲಿ. ನಡುವೆ ಮಗಳು ಮೂರೂವರೆ ವರ್ಷ ಟೆಹ್ರಾನಿನ ಅಜ್ಜ ಅಜ್ಜಿಯ ಬಳಿ ಬೆಳೆದಳು. 2020ರ ಜನವರಿ 8ರಂದು ಟೆಹ್ರಾನಿನಿಂದ ಹೊರಟ ಉಕ್ರೇನ್ ವಿಮಾನವನ್ನು ಇರಾನಿನ ಕ್ಷಿಪಣಿಗಳೇ ಹೊಡೆದುರುಳಿಸಿದವು, 176 ಮಂದಿ ಸತ್ತರು. ಅವರಲ್ಲಿ 138 ಮಂದಿ ಕೆನಡಾದತ್ತ ಹೊರಟವರು. ಚಳಿಗಾಲದ ರಜೆಗೆ ಅಪ್ಪ ಅಮ್ಮನನ್ನು ನೋಡಿ ಕಾಲೇಜಿಗೆ ಮರಳುತ್ತಿದ್ದ ವಿದ್ಯಾರ್ಥಿಗಳು, ಊರಲ್ಲಿ ಮದುವೆ ಮಾಡಿಕೊಂಡು ಹೊರಟಿದ್ದ ನವದಂಪತಿಗಳು ಅದರಲ್ಲಿದ್ದರು. ಟೊರಾಂಟೊ, ಎಡ್ಮಂಟನ್ ಇರಾನಿ ಸಮುದಾಯಗಳಲ್ಲಿ ಆ ವಿಮಾನದಲ್ಲಿದ್ದ ಒಬ್ಬರನ್ನಾದರೂ ಬಲ್ಲವರು ಎಷ್ಟೋ ಮಂದಿ.

ಮುಪ್ಪು, ಹಣ, ಫೋನು

ಇರಾನಿನ ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದದ್ದನ್ನು ಮೇಲೆ ಹೇಳಿದೆ. ಅದರ ಇನ್ನೊಂದು ಪರಿಣಾಮ ಈಗ ಕಾಣತೊಡಗಿದೆ. ನಾಲ್ಕು ಮಕ್ಕಳ ಮನೆಯಿಂದ ಮೂವರು ಹೋದರೂ ಒಬ್ಬಳು ಉಳಿಯುತ್ತಾಳೆ, ಆಸ್ಪತ್ರೆಗೆ ಕರೆದೊಯ್ಯುವವಳು ಅವಳೇ. ನಂತರದ ತಲೆಮಾರಿನ ಮನೆಯಲ್ಲಿ ಇರುವುದೇ ಒಬ್ಬರು ಇಬ್ಬರು. ಅವರೂ ಹೊರಟರೆ ಊರಲ್ಲಿ ಉಳಿಯುವವರು ವೃದ್ಧರು ಮಾತ್ರ. ಉಳಿದ ಮಗಳ ಮೇಲೆ ಬೀಳುವ ಹೊರೆ ವಲಸೆಯ ಕಥೆಗಳಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಅವಳು ವಲಸೆ ಹೋದವಳಲ್ಲ. ಹೊರಗಿರುವ ಸೋದರರು ವೀಡಿಯೊ ಕರೆಯಲ್ಲಿ ಅಮ್ಮನ ಮಾತ್ರೆಯ ಬಗ್ಗೆ ಸಲಹೆ ಕೊಡುತ್ತಾರೆ. ಮಾತ್ರೆಗಾಗಿ ಮೂರು ಔಷಧಿ ಅಂಗಡಿ ಅಲೆಯುವವಳು ಇವಳು.

ಹಣ ಕಳುಹಿಸೋಣ ಎಂದರೆ ಅದೂ ನೇರವಿಲ್ಲ. ಒಂದು ಕಾಲಕ್ಕೆ ಟೆಹ್ರಾನಿನಿಂದ ಮಕ್ಕಳಿಗೆ ಹೋಗುತ್ತಿದ್ದ ಹಣ ಈಗ ಹೊರಗಿನಿಂದ ತಂದೆತಾಯಿಗೆ ಬರಬೇಕಾಗಿದೆ. 2015ರಲ್ಲಿ ಅಣು ಒಪ್ಪಂದದ ಹೊತ್ತಿಗೆ ಪೇಟೆಯಲ್ಲಿ ಒಂದು ಡಾಲರ್‌ಗೆ ಸುಮಾರು 32 ಸಾವಿರ ರಿಯಾಲ್ ಇತ್ತು. 2018ರ ಮೇ ತಿಂಗಳಲ್ಲಿ ಟ್ರಂಪ್ ಒಪ್ಪಂದದಿಂದ ಹೊರಬಂದು ನಿರ್ಬಂಧ ಮರಳಿ ಹೇರಿದರು. 2025ರಲ್ಲಿ ಡಾಲರ್ 10 ಲಕ್ಷ ರಿಯಾಲ್ ದಾಟಿತು. ಮೂವತ್ತು ವರ್ಷ ದುಡಿದು ಗಳಿಸಿದ ಪಿಂಚಣಿ ದಿನಸಿಗೆ ಸಾಲದಾಯಿತು. ಇರಾನಿ ಬ್ಯಾಂಕುಗಳು ಜಗತ್ತಿನ ಬ್ಯಾಂಕ್ ಜಾಲದಿಂದ ಹೊರಗಿರುವುದರಿಂದ ಹಣ ಹೋಗುವುದು ಹಣ ವಿನಿಮಯ ಮಾಡುವ ಸರಾಫರ ಮೂಲಕ. ಟೊರಾಂಟೊದ ಸರಾಫನಿಗೆ ಡಾಲರ್ ಕೊಟ್ಟರೆ ಟೆಹ್ರಾನಿನಲ್ಲಿ ಅವನ ಜೊತೆಗಾರ ಅಂದಿನ ದರಕ್ಕೆ ರಿಯಾಲ್ ಜಮೆ ಮಾಡುತ್ತಾನೆ. ಎಲ್ಲವೂ ನಂಬಿಕೆಯ ವ್ಯವಹಾರ. ಬ್ಯಾಂಕಿನ ಕಣ್ಣಿಗೆ ಬಿದ್ದರೆ ಕಳುಹಿಸಿದವನ ಖಾತೆಯೇ ಮುಚ್ಚಬಹುದು.

ರಿಯಾಲ್ ಕುಸಿತದ ಬಿಸಿ ನಮ್ಮೂರಿಗೂ ತಟ್ಟಿತ್ತು. ಮೈಸೂರು, ಬೆಂಗಳೂರು, ಪುಣೆಗಳಿಗೆ ಓದಲು ಬರುತ್ತಿದ್ದ ಇರಾನಿಗಳಲ್ಲಿ ಸಂಶೋಧನೆಗೆಂದು ಹೆಂಡತಿ ಮಕ್ಕಳೊಂದಿಗೆ ಬಂದು ನೆಲೆಸಿದವರೂ ಇದ್ದರು. ಮನೆಯಿಂದ ಬರುವ ರಿಯಾಲ್ ನಂಬಿದ್ದವರಿಗೆ 2012ರ ಕುಸಿತದಲ್ಲಿ ಶುಲ್ಕ, ಬಾಡಿಗೆ ಒಮ್ಮೆಲೇ ದುಬಾರಿಯಾದವು. ಅದಕ್ಕೂ ಬಹಳ ಹಿಂದೆ, 1824ರಲ್ಲಿ, ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದ ಆಗಾ ಅಲಿ ಅಸ್ಕರ್ ಇಲ್ಲೇ ನೆಲೆ ನಿಂತರು. ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ಆಗ ಯಾರೂ ಅವರನ್ನು ವೀಸಾ ಕೇಳಿರಲಿಲ್ಲ.

ಉಳಿದ ಕೊಂಡಿ ಫೋನು, ಅದನ್ನೂ ಕತ್ತರಿಸಬಹುದು. 2019ರ ನವೆಂಬರ್ ಪ್ರತಿಭಟನೆಯ ಹೊತ್ತಿಗೆ ಇರಾನಿ ಸರ್ಕಾರ ಸುಮಾರು ಒಂದು ವಾರ ಇಂಟರ್‌ನೆಟ್ ನಿಲ್ಲಿಸಿತು. 2022ರಲ್ಲಿ, ಹಿಜಾಬ್ ವಿಷಯಕ್ಕೆ ಪೊಲೀಸರು ಬಂಧಿಸಿದ್ದ ಯುವತಿ ಮಹ್ಸಾ ಅಮಿನಿ ಸಾವಿನ ನಂತರ ಪ್ರತಿಭಟನೆ ಎದ್ದಾಗ ಮತ್ತೆ ಕಡಿತ. 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ಹನ್ನೆರಡು ದಿನ ನಡೆದ ಯುದ್ಧದಲ್ಲಿ ಬಾಂಬು ಬೀಳುತ್ತಿದ್ದಾಗಲೇ ಸಂಪರ್ಕ ಹೋಯಿತು. ಹೊರದೇಶದಿಂದ ಕರೆ ಮಾಡಿದ ಕೆಲವರಿಗೆ ಅಮ್ಮನ ಬದಲು ಯಂತ್ರದ ದನಿ ಕೇಳಿಸಿತು: 'ಹಲೋ, ಯಾರು ಮಾತಾಡುತ್ತಿರುವುದು?' ಎಂದು ಕೇಳುವ, ಉತ್ತರ ಕೊಟ್ಟರೆ ಸಂಬಂಧವಿಲ್ಲದ ಮಾತು ಮುಂದುವರಿಸುವ ದನಿ. ಅದೇ ಯುದ್ಧ ಹೊರಗಿನ ಇರಾನಿ ಮನೆಗಳನ್ನು ಒಳಗಿನಿಂದಲೂ ಸೀಳಿತು. ಆಡಳಿತ ತೊಲಗಲಿ, ಬಾಂಬಿನಿಂದಾದರೂ ಸರಿ ಎನ್ನುವ ಅಣ್ಣ. ಆ ಬಾಂಬಿನ ಕೆಳಗೆ ಅಮ್ಮ ಮಲಗಿದ್ದಾಳೆ ಎನ್ನುವ ತಂಗಿ. 2022ರಲ್ಲಿ ಬರ್ಲಿನ್‌ನ ಬೀದಿಯಲ್ಲಿ 80 ಸಾವಿರ ಮಂದಿ ಇರಾನಿ ಆಡಳಿತದ ವಿರುದ್ಧ ಒಂದೇ ಘೋಷಣೆ ಕೂಗಿದ್ದರು. ಮೂರು ವರ್ಷದಲ್ಲಿ ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳಿಂದ ಹೊರನಡೆಯುವವರು ಶುರುವಾದರು.

ಯುದ್ಧಕ್ಕೆ ಕೆಲವೇ ದಿನ ಮುಂಚೆ, ಜೂನ್ 9ರಿಂದ, ಅಮೆರಿಕದ ಹೊಸ ಪ್ರಯಾಣ ನಿಷೇಧ ಜಾರಿಗೆ ಬಂದಿತ್ತು. ಹನ್ನೆರಡು ದೇಶಗಳ ಪಟ್ಟಿಯಲ್ಲಿ ಇರಾನ್ ಕೂಡ ಇತ್ತು. ಹ್ಯಾಸ್ಕೆಲ್ ಗ್ರಂಥಾಲಯಕ್ಕೆ ಕೆನಡಾ ಕಡೆಯಿಂದ ಮೊದಲಿನಂತೆ ನಡೆದು ಬರುವ ಅವಕಾಶವನ್ನೂ ಅಮೆರಿಕದ ಅಧಿಕಾರಿಗಳು ಅದೇ ವರ್ಷದ ಮಾರ್ಚ್‌ನಲ್ಲಿ ಮೊಟಕುಗೊಳಿಸಿದ್ದರು.

ನಮ್ಮ ಕಲ್ಪನೆಯ ಮನೆಯಲ್ಲಿ ಈಗ ಅಪ್ಪ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಟೆಹ್ರಾನಿನ ಫ್ಲ್ಯಾಟು ಪಾಲಾಗಬೇಕು. ಕಾನೂನಿನಂತೆ ವಿಧವೆಗೆ ಎಂಟನೆಯ ಒಂದು ಭಾಗ, ಉಳಿದದ್ದರಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಮೊದಲು ವಾರಸುದಾರರ ಪ್ರಮಾಣಪತ್ರ, ಆಮೇಲೆ ಹೊರಗಿರುವ ಮೂವರಿಂದಲೂ ವಕಾಲತ್ತು. ಸ್ಟಾಕ್‌ಹೋಮಿನ ಮಗ ಅಲ್ಲಿಯ ಇರಾನಿ ರಾಯಭಾರ ಕಚೇರಿಗೆ ಹೋಗಬೇಕು, ನಲವತ್ತು ವರ್ಷ ಹಿಂದೆ ತಪ್ಪಿಸಿಕೊಂಡು ಬಂದ ಸರ್ಕಾರದ ಕಿಟಕಿಯ ಮುಂದೆ ಗುರುತಿನ ಚೀಟಿ ಹಿಡಿದು ನಿಲ್ಲಬೇಕು. ಅವಧಿ ಮುಗಿದ ಪಾಸ್‌ಪೋರ್ಟ್ ಮೊದಲು ನವೀಕರಿಸಬೇಕು, ಅದಕ್ಕೆ ಸೇನಾಸೇವೆಯ ಪ್ರಶ್ನೆ ಮತ್ತೆ ಎದ್ದೇಳಬಹುದು. ಉಳಿದಿಬ್ಬರ ಕಾಗದ ವಾಷಿಂಗ್ಟನ್‌ಗೆ ಹೋಗಿ ಬರಬೇಕು. ಇಷ್ಟೆಲ್ಲ ಮುಗಿದು ಫ್ಲ್ಯಾಟು ಮಾರಾಟವಾಗುವಷ್ಟರಲ್ಲಿ ರಿಯಾಲ್ ಇನ್ನಷ್ಟು ಇಳಿದಿರುತ್ತದೆ, ಬಂದ ಹಣವನ್ನು ಹೊರತರಲು ಮತ್ತೆ ಸರಾಫನೇ ಗತಿ. ಇಂಥ ಲೆಕ್ಕ ಹಾಕಿ ಬೇಸತ್ತ ಕುಟುಂಬಗಳು ಕಾನೂನಿನ ಎರಡು ಪಾಲು, ಒಂದು ಪಾಲನ್ನು ಬದಿಗೆ ಸರಿಸಿ, ಮನೆಯನ್ನು ಊರಲ್ಲಿ ಉಳಿದು ಅಪ್ಪ ಅಮ್ಮನನ್ನು ನೋಡಿಕೊಂಡ ಮಗಳ ಹೆಸರಿಗೆ ಬರೆದುಕೊಡುವುದೂ ಉಂಟು. ಅದಕ್ಕೂ ಮೂರು ವಕಾಲತ್ತು ಬೇಕು.